ಬಯಲಿನ ಓಟಗಾರ ಶಿವಂಗಿ

ಬೆಂಗಳೂರಿನಿಂದ ಬಂಗಾರಪೇಟೆ ಕಡೆಗೆ ಹೋಗುವ ರೈಲು ಮಾಲೂರು ದಾಟಿ ಟೇಕಲ್ ಸಮೀಪಿಸಿದಂತೆ ಎರಡು ಬಗೆಯ ನೆಲ ಕಣ್ಣಿಗೆ ಬೀಳುತ್ತದೆ. ಒಂದು, ಹೆಬ್ಬಂಡೆಗಳು ಒಂದರ ಮೇಲೊಂದು ಕೂತ ಕಲ್ಲುಗುಡ್ಡ. ಇನ್ನೊಂದು, ಗುಡ್ಡದ ಬುಡದಿಂದ ಹರಡಿಕೊಂಡ ಬಯಲು: ರಾಗಿ ಹೊಲ, ಕೆರೆಯಂಗಳ, ಗೋಮಾಳ, ನೀಲಗಿರಿ ತೋಪು. ಬಂಡೆಯ ಸಂದುಗೊಂದು ಚಿರತೆಗೆ ಹೇಳಿ ಮಾಡಿಸಿದ ಜಾಗ. ಕೋಲಾರ ಸೀಮೆಯ ಗುಡ್ಡಗಳಲ್ಲಿ ಚಿರತೆ ಇಂದಿಗೂ ಉಳಿದುಕೊಂಡಿದೆ. ಬಯಲಿಗೂ ಅದರದೇ ಆದ ಬೇಟೆಗಾರ ಪ್ರಾಣಿಯೊಂದು ದಖ್ಖನ್ ಪ್ರಸ್ಥಭೂಮಿಯಲ್ಲಿತ್ತು. ಅದೇ ಚೀತಾ, ಹಳೆಯ ಕನ್ನಡಿಗರ ಶಿವಂಗಿ. ಅದು ಹೇಗೆ ಬದುಕುತ್ತದೆ, ಹೇಗೆ ಬೇಟೆಯಾಡುತ್ತದೆ ಎಂಬುದನ್ನು ತಿಳಿದರೆ ಚಿರತೆ ಉಳಿದು ಚೀತಾ ಅಳಿದದ್ದೇಕೆ ಎಂಬುದೂ ತಿಳಿಯುತ್ತದೆ.

ಓಟಕ್ಕಾಗಿಯೇ ಇರುವ ಮೈ

ಚಿರತೆಯನ್ನೂ ಚೀತಾವನ್ನೂ ಒಂದೇ ಎಂದುಕೊಳ್ಳುವವರು ಬಹಳ. ಚಿರತೆಯ ಕಲೆಗಳು ಬಳೆಯಾಕಾರವಾಗಿ ಗುಂಪುಗೂಡಿರುತ್ತವೆ. ಚೀತಾದ ಮೈತುಂಬ ಇರುವುದು ಬಿಡಿಬಿಡಿಯಾದ ಕರಿಚುಕ್ಕೆ. ಕಣ್ಣಿನ ಒಳಮೂಲೆಯಿಂದ ಬಾಯಿಯಂಚಿನವರೆಗೆ ಇಳಿದ ಎರಡು ಕಪ್ಪು ಗೆರೆಗಳನ್ನು ನೋಡಿದರೆ ಮತ್ತೆ ಅನುಮಾನವೇ ಬರುವುದಿಲ್ಲ.

ಚಿರತೆ ಗಿಡ್ಡಗಾಲಿನ, ದಪ್ಪ ಭುಜದ ಪ್ರಾಣಿ. ತನ್ನಷ್ಟೇ ತೂಕದ ಬೇಟೆಯನ್ನು ಕಚ್ಚಿಕೊಂಡು ಮರ ಹತ್ತಬಲ್ಲದು. ಚೀತಾಕ್ಕೆ ಉದ್ದ ಕಾಲು, ಸಣ್ಣ ತಲೆ, ಒಳಸೇರಿದ ಹೊಟ್ಟೆ. ಉಸಿರು ಧಾರಾಳವಾಗಿ ಎಳೆಯಲು ಅಗಲ ಮೂಗಿನ ಹೊಳ್ಳೆ. ಓಡುವಾಗ ಬೆನ್ನುಮೂಳೆ ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುವುದರಿಂದ ಒಂದೊಂದು ನೆಗೆತಕ್ಕೂ ಆರೇಳು ಮೀಟರ್ ನೆಲ ಹಿಂದೆ ಸರಿಯುತ್ತದೆ. ಉಳಿದ ಬೆಕ್ಕುಗಳ ಉಗುರು ಪೂರ್ತಿ ಒಳಗೆ ಸೇರಿಕೊಂಡರೆ ಇದರದ್ದು ಅರ್ಧ ಹೊರಗೇ ಇದ್ದು ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ವೇಗದಲ್ಲಿ ತಿರುಗುವಾಗ ಮೈ ಪಕ್ಕಕ್ಕೆ ವಾಲದಂತೆ ಉದ್ದನೆಯ ಬಾಲ ತಡೆಯುತ್ತದೆ.

ಈ ವೇಗಕ್ಕೆ ತೆರಬೇಕಾದ ಬೆಲೆಯೂ ಇದೆ. ದವಡೆ ಚಿಕ್ಕದು, ಮೂಳೆ ಹಗುರ, ಕಾದಾಡುವ ಕಸುವು ಕಡಿಮೆ. ಕಾಲು ಮುರಿದರೆ ಊಟವೇ ಇಲ್ಲ. ಆದ್ದರಿಂದ ಜಗಳ ಬಂದಲ್ಲಿ ಚೀತಾ ಹಿಂದೆ ಸರಿಯುತ್ತದೆ. ಅದು ಸಿಂಹದಂತೆ ಗರ್ಜಿಸುವುದೂ ಇಲ್ಲ. ಮರಿಗಳನ್ನು ಕರೆಯುವಾಗ ಹಕ್ಕಿಯಂತೆ ಚಿಲಿಗುಟ್ಟುತ್ತದೆ.

ಬೇಟೆಯ ಬಗೆ

ಆಫ್ರಿಕಾದ ಬಯಲಿನಲ್ಲಿ ಸಿಂಹ, ಕತ್ತೆಕಿರುಬಗಳ ಕಾಟ ತಪ್ಪಿಸಿಕೊಳ್ಳಲು ಚೀತಾ ಹೆಚ್ಚಾಗಿ ಹಗಲಿನಲ್ಲೇ, ಮುಂಜಾನೆ ಇಲ್ಲವೆ ಸಂಜೆಯ ಇಳಿಬಿಸಿಲಿನಲ್ಲಿ ಬೇಟೆಗಿಳಿಯುತ್ತದೆ. ಹುತ್ತವೋ ದಿಣ್ಣೆಯೋ ಸಿಕ್ಕರೆ ಏರಿ ನಿಂತು ಹಿಂಡನ್ನು ನೋಡುತ್ತದೆ. ಹಿಂಡಿನಿಂದ ಹೊರಗುಳಿದ, ಮೈಮರೆತು ಮೇಯುವ ಒಂದನ್ನು ಆರಿಸಿಕೊಂಡು ತಲೆ ತಗ್ಗಿಸಿ ಹೆಜ್ಜೆ ಹೆಜ್ಜೆಯಾಗಿ ಸಮೀಪಿಸುತ್ತದೆ. ಮೇಯುವ ಪ್ರಾಣಿ ತಲೆ ಎತ್ತಿತೋ, ಇದು ನಿಂತಲ್ಲೇ ನಿಲ್ಲುತ್ತದೆ. ನೂರು ಮೀಟರಿನೊಳಗೆ ಬಂದ ಮೇಲೆಯೇ ಓಟ.

2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೋಟ್ಸ್ವಾನಾದ ಐದು ಚೀತಾಗಳ ಕೊರಳಿಗೆ ಪಟ್ಟಿ ಕಟ್ಟಿ 367 ಓಟಗಳನ್ನು ಅಳೆದರು. ಕಂಡ ಗರಿಷ್ಠ ವೇಗ ಗಂಟೆಗೆ 93 ಕಿ.ಮೀ. ಆದರೆ ಆ ವೇಗ ಮುಟ್ಟಿದ್ದು ಅಪರೂಪಕ್ಕೆ. ಸರಾಸರಿ ಓಟದ ಉದ್ದ 173 ಮೀಟರ್. ಬೇಟೆ ಕೈಗೂಡಿದ್ದು ನಾಲ್ಕರಲ್ಲಿ ಸುಮಾರು ಒಂದು ಸಲ. ಹುಲ್ಲೆ ಅತ್ತಿತ್ತ ಹೊರಳಿ ತಪ್ಪಿಸಿಕೊಳ್ಳಲು ನೋಡುತ್ತದೆ. ಹಾಗಾಗಿ ವೇಗದಷ್ಟೇ ಮುಖ್ಯವಾದದ್ದು ಥಟ್ಟನೆ ವೇಗ ತಗ್ಗಿಸಿ ತಿರುಗುವ ಶಕ್ತಿ.

ಮುಂಗಾಲಿನ ಒಳಬದಿಯಲ್ಲಿರುವ ಚೂಪಾದ ಉಗುರಿನಿಂದ ಬೇಟೆಯ ಹಿಂಗಾಲನ್ನೋ ತೊಡೆಯನ್ನೋ ಎಳೆದು ಅದನ್ನು ಬೀಳಿಸುತ್ತದೆ. ಬಿದ್ದೊಡನೆ ಗಂಟಲು ಅದುಮಿ ಹಿಡಿದು ಉಸಿರು ಕಟ್ಟಿಸುತ್ತದೆ. ಆಮೇಲೆ ಏದುಸಿರು ಬಿಡುತ್ತ ಸುಧಾರಿಸಿಕೊಂಡು, ನಡುನಡುವೆ ಕತ್ತೆತ್ತಿ ಸುತ್ತ ನೋಡುತ್ತ, ಅವಸರದಲ್ಲಿ ತಿನ್ನುತ್ತದೆ. ಕತ್ತೆಕಿರುಬ ಬಂದರೆ ಬೇಟೆ ಬಿಟ್ಟುಕೊಟ್ಟು ಹೋಗುತ್ತದೆ.

ತಾಯಿ ಮತ್ತು ಮರಿಗಳು

ಹೆಣ್ಣು ಚೀತಾ ಒಂಟಿ. ಮೂರು ತಿಂಗಳು ಗರ್ಭ ಧರಿಸಿ ಮೂರರಿಂದ ಐದು ಮರಿ ಹಾಕುತ್ತದೆ. ಮರಿಗಳ ಕತ್ತು, ಬೆನ್ನಿನ ಮೇಲೆ ಬೂದುಬಣ್ಣದ ಉದ್ದ ಕೂದಲಿರುತ್ತದೆ. ಒಣಹುಲ್ಲಿನಲ್ಲಿ ಅಡಗಲು ಅದು ನೆರವು. ತಾಯಿ ಆಗಾಗ ಮರಿಗಳನ್ನು ಕಚ್ಚಿಕೊಂಡು ಹೋಗಿ ಅಡಗುತಾಣ ಬದಲಿಸುತ್ತದೆ. ಅಷ್ಟಾದರೂ ಆಫ್ರಿಕಾದ ಸೆರೆಂಗೆಟಿ ಬಯಲಿನ ಅಧ್ಯಯನವೊಂದರಲ್ಲಿ ನೂರಕ್ಕೆ ಐದು ಮರಿಗಳೂ ಸ್ವತಂತ್ರ ಬದುಕಿಗೆ ಕಾಲಿಡಲಿಲ್ಲ. ಹೆಚ್ಚಿನವು ಸಿಂಹಗಳಿಗೆ ಬಲಿಯಾದವು.

ಉಳಿದ ಮರಿಗಳಿಗೆ ತಾಯಿಯೇ ಗುರು. ಹುಲ್ಲೆಮರಿಯನ್ನು ಜೀವಂತ ಹಿಡಿದು ತಂದು ಮುಂದೆ ಬಿಡುತ್ತದೆ. ಮರಿಗಳು ಅಟ್ಟಿ, ಬೀಳಿಸಿ, ತಪ್ಪಿಸಿಕೊಂಡದ್ದನ್ನು ಮತ್ತೆ ಹಿಡಿದು ಕಲಿಯುತ್ತವೆ. ಸುಮಾರು ಒಂದೂವರೆ ವರ್ಷಕ್ಕೆ ತಾಯಿ ದೂರವಾಗುತ್ತದೆ. ಗಂಡು ಒಡಹುಟ್ಟುಗಳು ಹಲವು ವೇಳೆ ಬದುಕಿಡೀ ಜೊತೆಗಿದ್ದು ಸರಹದ್ದು ಕಾಯುತ್ತವೆ.

ಅರಸರ ಸೆರೆಯಲ್ಲಿ

ಚೀತಾವನ್ನು ಪಳಗಿಸಿ ಬೇಟೆಗೆ ಬಳಸಿದ ಬಗ್ಗೆ ಭಾರತದ ಅತಿ ಹಳೆಯ ವಿವರಗಳಲ್ಲೊಂದು ಕರ್ನಾಟಕದ್ದೇ. ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅದು ಬರುತ್ತದೆ. ಟೇಕಲ್‌ನ ನೆರೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿಯ ಹುಟ್ಟೂರು. ಅವನ ಮಗ ಟಿಪ್ಪುವಿನ ಬಳಿಯೂ ಬೇಟೆ ಚೀತಾಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ವಶವಾದವು. ಅವನೂ ಅವುಗಳಿಂದ ಕೃಷ್ಣಮೃಗಗಳ ಬೇಟೆಯಾಡಿಸಿದ.

ಆ ಬೇಟೆಯ ಕ್ರಮ ಹೀಗಿತ್ತು. ಕಣ್ಣಿಗೆ ಕುಲಾವಿ ಕಟ್ಟಿದ ಚೀತಾವನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಹಿಂಡಿನ ಹತ್ತಿರ ಒಯ್ಯುತ್ತಿದ್ದರು. ಹೊಲಗಳ ನಡುವೆ ದಿನವೂ ಗಾಡಿ ನೋಡಿದ ಕೃಷ್ಣಮೃಗಗಳು ಹೆದರುತ್ತಿರಲಿಲ್ಲ. ಸಮೀಪವಾದಾಗ ಕುಲಾವಿ ಕಳಚಿ, ಹಗ್ಗ ಬಿಚ್ಚುತ್ತಿದ್ದರು. ಬೇಟೆ ಬಿದ್ದ ಮೇಲೆ ಮರದ ಸೌಟಿನಲ್ಲಿ ಅದರ ರಕ್ತ ಹಿಡಿದು ಚೀತಾಕ್ಕೆ ಕುಡಿಸಿ, ಮತ್ತೆ ಕಣ್ಣು ಕಟ್ಟಿ ಗಾಡಿ ಹತ್ತಿಸುತ್ತಿದ್ದರು.

ಆ ಕಾಲದಲ್ಲಿ ಸೆರೆಯಲ್ಲಿ ಚೀತಾ ಮರಿ ಹಾಕುವುದು ತೀರ ವಿರಳವಾಗಿತ್ತು. ಒಮ್ಮೆ ಹಾಗೆ ಮರಿ ಹಾಕಿದ್ದನ್ನು ಮೊಗಲ್ ಬಾದಶಹ ಜಹಾಂಗೀರ್ ವಿಶೇಷವೆಂದು ಬರೆದಿಟ್ಟಿದ್ದಾನೆ. ಹಾಗಾಗಿ ಬೇಕಾದ ಪ್ರತಿಯೊಂದನ್ನೂ ಕಾಡಿನಿಂದಲೇ ಹಿಡಿಯಬೇಕಾಗಿತ್ತು. ತಾಯಿಯಿಂದ ಬೇಟೆ ಕಲಿತ ಬೆಳೆದ ಚೀತಾಗಳೇ ಬೇಕಾಗಿದ್ದವು. ಮರಿ ಹಾಕಬೇಕಾದವೇ ಸೆರೆಗೆ ಹೋದರೆ ಸಂತತಿ ಉಳಿಯುವುದೆಲ್ಲಿಂದ? 20ನೆಯ ಶತಮಾನದ ಆರಂಭಕ್ಕೆ ಭಾರತದ ಅರಸರು ಬೇಟೆಗೆಂದು ಆಫ್ರಿಕಾದಿಂದ ಚೀತಾ ತರಿಸುವಂತಾಯಿತು. 1947ರ ಹೊತ್ತಿಗೆ ಇಂದಿನ ಛತ್ತೀಸಗಡದ ಕೊರಿಯಾ ಸಂಸ್ಥಾನದಲ್ಲಿ ಅಲ್ಲಿನ ಅರಸನ ಗುಂಡಿಗೆ ಮೂರು ಗಂಡುಗಳು ಉರುಳಿದವು. 1952ರಲ್ಲಿ ಭಾರತದಲ್ಲಿ ಚೀತಾ ಅಳಿಯಿತೆಂದು ಸರ್ಕಾರ ಸಾರಿತು.

ಬಯಲು ಪಾಳು ನೆಲವಲ್ಲ

ಸೆರೆ, ಬಂದೂಕುಗಳ ಜೊತೆಗೆ ಮೂರನೆಯ ಕಾರಣವೊಂದಿದೆ, ಅದು ಇಂದಿಗೂ ನಿಂತಿಲ್ಲ. ಹುಲ್ಲುಗಾವಲು ಹೊಲವಾಯಿತು, ತೋಪಾಯಿತು. ಮರವಿಲ್ಲದ ನೆಲವನ್ನು ಖರಾಬು, ಬಂಜರು ಎಂದು ಲೆಕ್ಕಕ್ಕೆ ಬರೆದು ನೀಲಗಿರಿ ನೆಟ್ಟೆವು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆಂದೇ ಇರುವ 119 ಚದರ ಕಿ.ಮೀ. ಅಭಯಾರಣ್ಯದಲ್ಲೂ ನೀಲಗಿರಿ ಹುಲ್ಲನ್ನು ಒತ್ತರಿಸಿತು. ಚಿರತೆ ಕುರುಚಲಿನಲ್ಲಿ, ಕಬ್ಬಿನ ಗದ್ದೆಯಲ್ಲಿ, ಬಂಡೆಸಂದಿನಲ್ಲಿ ಬಚ್ಚಿಟ್ಟುಕೊಂಡು ನಾಯಿಯನ್ನೋ ಮೇಕೆಯನ್ನೋ ಹಿಡಿದು ಬದುಕಿತು. ಚೀತಾಕ್ಕೆ ಆ ದಾರಿ ಇರಲಿಲ್ಲ. ಅದಕ್ಕೆ ಓಡಲು ಬಯಲು ಬೇಕು, ಬಯಲಿನಲ್ಲಿ ಹುಲ್ಲೆ ಬೇಕು.

2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು, 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳು ಮಧ್ಯಪ್ರದೇಶದ ಕೂನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದವು. ಕೆಲವು ಸತ್ತವು, ಕೆಲವು ಮರಿ ಹಾಕಿದವು. ಅವು ಆಫ್ರಿಕಾದ ತಳಿ. ಭಾರತದಲ್ಲಿದ್ದ ಏಷ್ಯಾದ ತಳಿ ಕಾಡಿನಲ್ಲಿ ಉಳಿದಿರುವುದು ಇರಾನಿನಲ್ಲಿ ಮಾತ್ರ, ಅದೂ ಕೆಲವೇ ಕೆಲವು.

ಟೇಕಲ್ ಬಯಲಿಗೆ ಚೀತಾ ಮರಳಲಾರದು. ಆದರೆ ಅದರ ಜೊತೆಗಾರರು ನಮ್ಮ ನಡುವೆ ಇದ್ದಾರೆ. ಕೆಜಿಎಫ್ ಗಣಿಪ್ರದೇಶದ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಿಂದ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶವಿದೆ. ತೋಳ, ಗುಳ್ಳೆನರಿ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೂ, ಕುರಿಗಾಹಿಗಳ ಮಂದೆಗೂ ಅದೇ ಹುಲ್ಲು ಆಧಾರ. ನಿಮ್ಮೂರ ಗೋಮಾಳ ದಾಖಲೆಯಲ್ಲಿ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂದು ವಿಚಾರಿಸಿ. ಉಳಿದಷ್ಟನ್ನಾದರೂ ಹುಲ್ಲಾಗಿಯೇ ಬಿಡಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.