ದಿಂಬಿನಡಿಯ ಪುಸ್ತಕ

1940ರಲ್ಲಿ ಸೋಲ್ ನಗರದ ಜೋನ್ ಹ್ಯೋಂಗ್-ಪಿಲ್‌ನ ಕಿವಿಗೆ ಒಂದು ಗುಟ್ಟು ಬಿತ್ತು. ಕೊರಿಯಾ ಆಗ ಜಪಾನಿನ ಮುಷ್ಟಿಯಲ್ಲಿತ್ತು. ಶಾಲೆಗಳಲ್ಲಿ ಕೊರಿಯನ್ ಪಾಠ ನಿಂತುಹೋಗುತ್ತಿತ್ತು, ಆ ಭಾಷೆಯ ದೊಡ್ಡ ಪತ್ರಿಕೆಗಳಿಗೆ ಅದೇ ವರ್ಷ ಬೀಗ ಬಿತ್ತು. ಹಿರಿಯರಿಂದ ಬಂದ ಗದ್ದೆಗಳ ಹಣವನ್ನೆಲ್ಲ ಹಳೆಯ ಚಿತ್ರ, ಪಿಂಗಾಣಿ, ಪುಸ್ತಕಗಳಿಗೆ ಸುರಿದು, ಅವು ಕಡಲು ದಾಟದಂತೆ ಕಾಯುವುದೇ ಜೋನ್‌ನ ಹಟವಾಗಿತ್ತು. ಅವನು ವರ್ಷಗಳಿಂದ ಎದುರು ನೋಡುತ್ತಿದ್ದ ಪುಸ್ತಕ ಆಂಡೋಂಗ್ ಕಡೆಯ ಹಳೆಯ ಮನೆಯೊಂದರಲ್ಲಿ ಇದೆಯೆಂದು ಸಾಹಿತ್ಯ ವಿದ್ವಾಂಸ ಕಿಮ್ ಥೆ-ಜುನ್ ಸುದ್ದಿ ತಂದಿದ್ದ.

ಆ ಪುಸ್ತಕದ ಬೇರು ಐದು ಶತಮಾನ ಹಿಂದಿತ್ತು. ಕೊರಿಯನ್ನರು ಆಡುತ್ತಿದ್ದುದು ಒಂದು ನುಡಿ, ಬರೆಯುತ್ತಿದ್ದುದು ಚೀನಿ ಅಕ್ಷರ. ಸಾವಿರಾರು ಅಕ್ಷರ ಕಲಿಯಲು ಉಳುವವನಿಗೆ ಪುರುಸೊತ್ತೆಲ್ಲಿ? 1443ರಲ್ಲಿ ದೊರೆ ಸೇಜೋಂಗ್ 28 ಅಕ್ಷರಗಳ ಹೊಸ ಲಿಪಿಯನ್ನು ಆಸ್ಥಾನದ ಮುಂದಿಟ್ಟ. ವಿದ್ವಾಂಸರು ಸಿಡಿದೆದ್ದರು. ಸ್ವಂತ ಲಿಪಿ ಇಟ್ಟುಕೊಳ್ಳುವುದು ಅನಾಗರಿಕರ ಲಕ್ಷಣ ಎಂದು ಹಿರಿಯ ಪಂಡಿತ ಚ್ವೆ ಮಲ್ಲಿ ಮನವಿ ಬರೆದ. ದೊರೆಯ ಕಣ್ಣು ಮಂಜಾಗುತ್ತಿತ್ತು, ಚಿಕಿತ್ಸೆಗೆಂದು ಬುಗ್ಗೆನೀರಿಗೆ ಹೋಗುವಾಗಲೂ ಅವನು ಈ ಕೆಲಸ ಬಿಡುತ್ತಿರಲಿಲ್ಲ. ವಿರೋಧಿಸಿದವರನ್ನು ಒಂದು ರಾತ್ರಿ ಸೆರೆಯಲ್ಲಿಟ್ಟು, ಮರುದಿನ ಬಿಟ್ಟ. 1446ರಲ್ಲಿ ಲಿಪಿ ಜನರ ಕೈಗೆ ಬಂತು. ಜೊತೆಗೆ ಅದರ ಒಳಗುಟ್ಟನ್ನು ಬಿಡಿಸುವ ವಿವರಣಾ ಗ್ರಂಥವೂ ಅಚ್ಚಾಯಿತು.

ಲಿಪಿ ಉಳಿಯಿತು, ಗ್ರಂಥ ಕಣ್ಮರೆಯಾಯಿತು. 1504ರಲ್ಲಿ ತನ್ನನ್ನು ಹಳಿದ ಬರಹಗಳು ಈ ಲಿಪಿಯಲ್ಲಿದ್ದವೆಂದು ಕೆರಳಿದ ದೊರೆ ಯೋನ್ಸಾನ್ ಅದರ ಕಲಿಕೆಯನ್ನೇ ನಿಷೇಧಿಸಿ ಪುಸ್ತಕಗಳನ್ನು ಸುಡಿಸಿದ. ಗ್ರಂಥ ಇತ್ತೆಂಬ ಮಾತು ದಾಖಲೆಗಳಲ್ಲಿ ಉಳಿದರೂ ಪ್ರತಿ ಮಾತ್ರ ಸಿಗಲಿಲ್ಲ. ಊಹೆಗಳು ಹುಲುಸಾಗಿ ಬೆಳೆದವು. ಇದು ಸಂಸ್ಕೃತದ ಲಿಪಿಯಿಂದ ಬಂತು ಎಂದರು ಕೆಲವರು, ಮಂಗೋಲರ ಲಿಪಿಯಿಂದ ಎಂದರು ಇನ್ನು ಕೆಲವರು. ಕಿಟಕಿಯ ಅಡ್ಡಪಟ್ಟಿ, ಉದ್ದಪಟ್ಟಿಗಳನ್ನು ನೋಡಿ ಗೀಚಿದ್ದು ಎಂದವರೂ ಇದ್ದರು.

ಹೀಗಾಗಿ ಆಂಡೋಂಗಿನ ಸುದ್ದಿ ಕೇಳಿದ ಜೋನ್ ತಡಮಾಡಲಿಲ್ಲ. ಮಾರುವವರು ಕೇಳಿದ್ದು 1,000 ವೊನ್, ಆಗಿನ ಸೋಲ್‌ನಲ್ಲಿ ಒಳ್ಳೆಯ ಹೆಂಚಿನ ಮನೆಯೊಂದರ ಬೆಲೆ. ಜೋನ್ ಆ 1,000ವನ್ನು ಮಧ್ಯಸ್ಥಿಕೆಗೆ ಕೊಟ್ಟು, ಪುಸ್ತಕಕ್ಕೆಂದು 10,000 ಎಣಿಸಿದನಂತೆ. ಇಂಥ ವಸ್ತುವಿಗೆ ಚೌಕಾಸಿ ಅವನ ಜಾಯಮಾನವಲ್ಲ. ಕೈಗೆ ಬಂದದ್ದು 33 ಹಾಳೆಗಳ ಮರದಚ್ಚಿನ ಪುಸ್ತಕ. ಮೊದಲೆರಡು ಹಾಳೆ ಕಳೆದುಹೋಗಿ, ಕೈಬರಹದ ಹಾಳೆಗಳು ಆ ಜಾಗ ತುಂಬಿದ್ದವು. ಬರೆದವನು ಒಂದು ಅಕ್ಷರ ತಪ್ಪಿದ್ದ ಕೂಡ!

ಕೊಂಡದ್ದನ್ನು ಯಾರಿಗೂ ಹೇಳುವಂತಿರಲಿಲ್ಲ. 1942ರಲ್ಲಿ ಕೊರಿಯನ್ ನಿಘಂಟು ಕಟ್ಟುತ್ತಿದ್ದ ವಿದ್ವಾಂಸರನ್ನು ಪೊಲೀಸರು ಹಿಡಿದೊಯ್ದರು, ಇಬ್ಬರು ಸೆರೆಯಲ್ಲೇ ಸತ್ತರು. ಜೋನ್ ಬಾಯಿಗೆ ಬೀಗ ಹಾಕಿಕೊಂಡ. 1945ರಲ್ಲಿ ಜಪಾನ್ ಸೋತ ಮೇಲಷ್ಟೇ ಪುಸ್ತಕ ಬೆಳಕಿಗೆ ಬಂತು, ಮರುವರ್ಷ ಅದರ ಪಡಿಯಚ್ಚೂ ಹೊರಬಿತ್ತು. 1950ರಲ್ಲಿ ಯುದ್ಧ ಭುಗಿಲೆದ್ದಿತು. ಸೋಲ್ ಬಿಟ್ಟು ಓಡುವಾಗ ಜೋನ್ ಅದನ್ನು ಜೊತೆಯಲ್ಲೇ ಒಯ್ದ, ರಾತ್ರಿ ದಿಂಬಿನಡಿ ಇಟ್ಟು ಮಲಗಿದ.

ಅಷ್ಟು ಜೋಪಾನ ಮಾಡಿದ ಹಾಳೆಗಳು ಹೇಳಿದ್ದು ಸರಳ ಸಂಗತಿ. ‘ಗ’ದ ಗುರುತು, ಗಂಟಲಿಗೆ ಅಡ್ಡವಾದ ನಾಲಿಗೆಯ ಬುಡದ ಆಕಾರ. ‘ನ’, ಮೇಲೆದ್ದು ತಾಗುವ ನಾಲಿಗೆಯ ತುದಿ. ‘ಮ’, ಬಾಯಿ. ‘ಸ’, ಹಲ್ಲು. ಗಂಟಲಿನ ದನಿಗೆ ಒಂದು ದುಂಡು. ದನಿ ಬಿರುಸಾದರೆ ಒಂದು ಗೀಟು ಹೆಚ್ಚು. ಸ್ವರಗಳಿಗೆ ಚುಕ್ಕಿಯ ಆಕಾಶ, ಅಡ್ಡಗೆರೆಯ ಭೂಮಿ, ನೆಟ್ಟಗೆ ನಿಂತ ಮನುಷ್ಯ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು: ಕಿಟಕಿಗಳಲ್ಲಿ, ಪರದೇಶದ ಲಿಪಿಗಳಲ್ಲಿ ಅರಸಿದ್ದು ಮಾತಾಡುವವರ ಬಾಯಲ್ಲೇ ಇತ್ತು.