ಗಣಿತದ ಬೀಗ

ನಾಸಿಕ ಜಿಲ್ಲೆಯಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಕೇಳಿದ್ದಾರೆ: ‘ಘೋಟಿಯ ಪೇಟೆಯಲ್ಲಿ ಅಕ್ಕಿ ಕೊಂಡು ಫೋನಿನಿಂದ ಹಣ ಕೊಟ್ಟೆ, ಅಂಗಡಿಯ ಧ್ವನಿಪೆಟ್ಟಿಗೆ ಕೂಡಲೇ ಹಣ ಬಂತೆಂದು ಮರಾಠಿಯಲ್ಲಿ ಸಾರಿತು. ನನ್ನ ದುಡ್ಡು ಹೋದ ದಾರಿ ಯಾವುದು?’

ದುಡ್ಡು ಯಾವ ದಾರಿಯನ್ನೂ ಹಿಡಿಯಲಿಲ್ಲವೆಂಬುದೇ ಉತ್ತರ. ಘೋಟಿಗೆ ಸಮೀಪದ ನಾಸಿಕದಲ್ಲಿ 1928ರಿಂದ ಅಚ್ಚಾಗುತ್ತ ಬಂದಿರುವ ನೋಟು ಕೈಯಿಂದ ಕೈಗೆ ಸಲ್ಲುವ ವಸ್ತು. ಅದರ ಮೇಲಣ ವಿಶ್ವಾಸವು ನೀರಚ್ಚಿನಲ್ಲಿಯೂ ಭದ್ರತಾ ಎಳೆಯಲ್ಲಿಯೂ ನೆಲೆಸಿದೆ. ಯುಪಿಐ ವ್ಯವಹಾರದಲ್ಲಾದರೋ ಚಲಿಸುವುದು ಸಂದೇಶ ಮಾತ್ರ. ಗ್ರಾಹಕನ ಗುಪ್ತಾಂಕವು (ಪಿನ್) ಫೋನಿನಲ್ಲಿಯೇ ಗೂಢಲಿಪಿಯಾಗಿ ರಾಷ್ಟ್ರೀಯ ಪಾವತಿ ನಿಗಮದ ಮೂಲಕ ಅವನ ಬ್ಯಾಂಕನ್ನು ಮುಟ್ಟುತ್ತದೆ. ಆ ಬ್ಯಾಂಕು ಅವನ ಲೆಕ್ಕದಿಂದ ಕಳೆಯುತ್ತದೆ, ವರ್ತಕನ ಬ್ಯಾಂಕು ವರ್ತಕನ ಲೆಕ್ಕಕ್ಕೆ ಕೂಡಿಸುತ್ತದೆ. ಬ್ಯಾಂಕುಗಳು ತಮ್ಮತಮ್ಮೊಳಗಿನ ಬಾಕಿಯನ್ನು ದಿನಕ್ಕೆ ಹಲವು ಬಾರಿ ರಿಸರ್ವ್ ಬ್ಯಾಂಕಿನಲ್ಲಿ ತೀರಿಸಿಕೊಳ್ಳುತ್ತವೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ 2005ರ ನೆಫ್ಟ್ ವ್ಯವಸ್ಥೆ ಬಹುಕಾಲ ರಾತ್ರಿಯಲ್ಲಿಯೂ ರಜಾದಿನಗಳಲ್ಲಿಯೂ ವಿಶ್ರಮಿಸುತ್ತಿತ್ತು. 2010ರ ಐಎಂಪಿಎಸ್ ಆ ವಿರಾಮವನ್ನು ತೊಡೆಯಿತು. ಅದರ ತಳಹದಿಯ ಮೇಲೆ 2016ರ ಏಪ್ರಿಲಿನಲ್ಲಿ ಯುಪಿಐ ಎದ್ದಿತು.

ಆದರೆ ಇವೆಲ್ಲಕ್ಕೂ ಆಧಾರವಾದ ಗೂಢಲಿಪಿಯ ಅದ್ಭುತವು ಇವುಗಳಿಗಿಂತ ಹಳೆಯದು. ಒತ್ತಿದೊಡನೆ ತಾನೇ ಕೂಡಿಕೊಳ್ಳುವ ಬೀಗಗಳನ್ನು ಬ್ಯಾಂಕು ಊರಿಗೆಲ್ಲ ಹಂಚಿ, ಕೀಲಿಕೈಯನ್ನು ಮಾತ್ರ ತನ್ನಲ್ಲಿಯೇ ಇರಿಸಿಕೊಂಡಿತೆನ್ನಿ. ಯಾರು ಬೇಕಾದರೂ ಪೆಟ್ಟಿಗೆಗೆ ಬೀಗ ಜಡಿದು ಕಳುಹಿಸಬಹುದು, ತೆರೆಯುವ ಸಾಮರ್ಥ್ಯ ಬ್ಯಾಂಕಿಗೊಂದಕ್ಕೇ. ಇಂತಹ ಬೀಗ ಸಾಧ್ಯವೆಂದು 1976ರಲ್ಲಿ ಗೂಢಲಿಪಿತಜ್ಞರಾದ ಡಿಫಿ ಮತ್ತು ಹೆಲ್‌ಮನ್ ಜಗತ್ತಿಗೆ ಸಾರಿದರು. ಮರುವರ್ಷವೇ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದನ್ನು ಅವಿಭಾಜ್ಯ ಸಂಖ್ಯೆಗಳಿಂದ ನಿರ್ಮಿಸಿದರು. 89ನ್ನು 97ರಿಂದ ಗುಣಿಸಿ 8633 ಪಡೆಯುವುದು ಸುಲಭ. 8633ನ್ನು ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ತಡಕಾಡಬೇಕು. ಸಂಖ್ಯೆ ಆರುನೂರು ಅಂಕಿಗಳಷ್ಟು ಉದ್ದವಾದರೆ ಇಂದಿನ ಯಾವ ಗಣಕಯಂತ್ರವಾದರೂ ಕೈಚೆಲ್ಲುತ್ತದೆ. ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಕ್ಲಿಫರ್ಡ್ ಕಾಕ್ಸ್ 1973ರಲ್ಲಿಯೇ ಈ ಬೀಗವನ್ನು ಕಂಡುಕೊಂಡಿದ್ದನಾದರೂ, ಸರ್ಕಾರ ಅದನ್ನು ಬಚ್ಚಿಟ್ಟ ಕಾರಣ 1997ರವರೆಗೆ ಆತನಿಗೆ ಕೀರ್ತಿ ದೊರೆಯಲಿಲ್ಲ!

ಕ್ವಾಂಟಮ್ ಗಣಕವು ಈ ಬೀಗವನ್ನು ಒಡೆಯುವುದೆಂಬ ಭೀತಿ ನಿರಾಧಾರವಲ್ಲ. ಗಣಿತಜ್ಞ ಪೀಟರ್ ಶೋರ್ 1994ರಲ್ಲಿಯೇ ಅದರ ವಿಧಾನವನ್ನು ತೋರಿಸಿದ್ದಾನೆ. ಅಂತಹ ಪ್ರಬಲ ಯಂತ್ರವಿನ್ನೂ ಸಿದ್ಧವಾಗಿಲ್ಲ. ಅದನ್ನೂ ತಡೆಯುವ ಹೊಸ ಬೀಗಗಳ ಮಾನಕಗಳನ್ನು ಅಮೆರಿಕ 2024ರಲ್ಲಿಯೇ ಪ್ರಕಟಿಸಿದೆ. ಆದಕಾರಣ ನಾಳಿನ ಯಂತ್ರದ ಕುರಿತ ಆರ್ಭಟಕ್ಕಿಂತ ಇಂದಿನ ವಂಚಕನ ಸವಿಮಾತೇ ನನಗೆ ಹೆಚ್ಚು ಭಯಂಕರವಾಗಿ ತೋರುತ್ತದೆ. ಆತ ಗಣಿತವನ್ನು ಗೆಲ್ಲಬೇಕಾಗಿಲ್ಲ, ನಮ್ಮಿಂದಲೇ ಗುಪ್ತಾಂಕವನ್ನು ಒತ್ತಿಸಿದರೆ ಸಾಕು. ಯುಪಿಐನಲ್ಲಿ ಹಣ ಪಡೆಯಲು ಗುಪ್ತಾಂಕ ಬೇಕಿಲ್ಲ, ಕೊಡಲು ಮಾತ್ರ ಬೇಕು. ಇದನ್ನು ಮನೆಯ ಹಿರಿಯರಿಗೆಲ್ಲ ತಿಳಿಯಹೇಳಿರಿ. ಮೋಸಹೋದರೆ ನಾಚದೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿರಿ.