ಗೋವು, ಯುದ್ಧ, ಹಾಸ್ಯ

ಯುದ್ಧವು ವೀರ, ರೌದ್ರ, ಭಯಾನಕ ರಸಗಳಿಗೆ ಆಶ್ರಯವೆಂಬುದು ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ವಿದಿತವಾಗಿಯೇ ಇದೆ. ಪ್ರಾಣಹಾನಿಯ ನಡುವೆ ಹಾಸ್ಯಕ್ಕೆ ಎಡೆಯೆಲ್ಲಿ? ಎಡೆಯಿದ್ದರೆ ಅದು ಅಂಜಿದವನನ್ನು ಹಳಿಯುವುದಕ್ಕೋ, ಅನ್ಯಪ್ರಯೋಜನಕ್ಕೋ? ವಿರಾಟಪರ್ವದ ಉತ್ತರಕುಮಾರನ ಪ್ರಸಂಗವನ್ನು ಪಾಠ ಹೇಳುವವರು ವಿಚಾರಿಸತಕ್ಕ ಪ್ರಶ್ನೆಯಿದು. ಫ್ರೆಂಚ್ ಚಲನಚಿತ್ರವೊಂದು ಇದರ ವಿವೇಚನೆಗೆ ಸಹಾಯಕವಾಗಿದೆ.

ಆನ್ರಿ ವೆರ್ನೆಯ್ ಎಂಬವನು ನಿರ್ದೇಶಿಸಿದ 'ಲಾ ವಾಶ್ ಎ ಲ ಪ್ರಿಜನಿಯೇ', ಎಂದರೆ 'ಹಸುವೂ ಸೆರೆಯಾಳೂ' ಎಂಬ ಚಿತ್ರವು 1959ರಲ್ಲಿ ಹೊರಬಂದಿತು. ಅದರ ಕಥಾಕಾಲ ಎರಡನೆಯ ಮಹಾಯುದ್ಧದ 1943ನೆಯ ವರ್ಷ. ಜರ್ಮನಿಯ ಹೊಲಮನೆಯೊಂದರಲ್ಲಿ ದುಡಿಯುತ್ತಿದ್ದ ಫ್ರೆಂಚ್ ಯುದ್ಧಕೈದಿಯೊಬ್ಬನು ಮಾರ್ಗರೀತ್ ಎಂಬ ಹಸುವಿನ ಹಗ್ಗವನ್ನೂ ಹಾಲಿನ ಪಾತ್ರೆಯನ್ನೂ ಹಿಡಿದು ಸ್ವದೇಶಾಭಿಮುಖವಾಗಿ ಹೊರಡುತ್ತಾನೆ. ಹಸು ಹೊಡೆದುಕೊಂಡು ಹೋಗುವವನನ್ನು ಯಾರು ಶಂಕಿಸುವರು? ಕಡೆಗೆ ಹಸುವನ್ನಗಲಿ ರೈಲುಬಂಡಿಯಲ್ಲಿ ಫ್ರಾನ್ಸನ್ನು ಸೇರಿದರೂ, ಪೊಲೀಸರಿಗೆ ಹೆದರಿ ಓಡಿ ಹತ್ತಿದ ಮತ್ತೊಂದು ಬಂಡಿ ಅವನನ್ನು ಪುನಃ ಜರ್ಮನಿಗೇ ಒಯ್ಯುತ್ತದೆ. ಈ ಪಾತ್ರವನ್ನು ವಹಿಸಿದವನು ಪ್ರಸಿದ್ಧ ಹಾಸ್ಯನಟನಾದ ಫೆರ್ನಾಂದೆಲ್.

ವಿಕೃತವೇಷವು ಹಾಸ್ಯದ ವಿಭಾವಗಳಲ್ಲೊಂದೆಂದು ಭರತಮುನಿ ಹೇಳಿದ್ದಾನೆ. ಯಾವ ರಸವೇ ಆಗಲಿ, ಅನುಚಿತವಾಗಿ ತೋರಿದಾಗ ಆಭಾಸವಾಗಿ ಹಾಸ್ಯಕ್ಕೆ ಕಾರಣವಾಗುವುದೆಂದು ಅಭಿನವಗುಪ್ತನ ಮತ. ಇವೆರಡಕ್ಕೂ ಗೋಗ್ರಹಣದ ಕಥೆಯೇ ಲಕ್ಷ್ಯ. ತುರುಗಳನ್ನು ಕೌರವರು ಸೆಳೆದೊಯ್ದರೆಂದು ಗೋಪಾಲಕನು ಮೊರೆಯಿಡುತ್ತಾನೆ, ಅರಸು ಊರಲ್ಲಿಲ್ಲ, ಉತ್ತರನು ಹೆಂಗಸರ ಮುಂದೆ ಜಂಬ ಕೊಚ್ಚುತ್ತಾನೆ. ಇದು ವೀರಾಭಾಸ. ಸಾರಥಿಯಾದ ಬೃಹನ್ನಳೆಯೋ ಹೆಣ್ಣುಡುಗೆಯಲ್ಲಿ ಅಡಗಿದ ಅರ್ಜುನ. ಫ್ರೆಂಚ್ ಕಥೆಯಲ್ಲಿ ವೇಷವೂ ಭಯವೂ ಒಬ್ಬನಲ್ಲಿಯೇ ಇವೆ. ಇಲ್ಲಿ ಅವು ಒಂದೇ ರಥದ ಇಬ್ಬರಲ್ಲಿ ಹಂಚಿಹೋಗಿವೆ.

ಭೇದವೊಂದನ್ನು ಗಮನಿಸಬೇಕು. ಆ ಸೆರೆಯಾಳು ಬಡಾಯಿ ಕೊಚ್ಚುವವನಲ್ಲ. ಆದುದರಿಂದಲೇ ಅವನ ಭಯವು ನಮಗೆ ಹೀನವಾಗಿ ಕಾಣದೆ ನಮ್ಮದೇ ಆಗುತ್ತದೆ. ಇದರಿಂದ, ಉತ್ತರನಲ್ಲಿ ನಗೆಗೀಡಾಗತಕ್ಕದ್ದು ಭಯವಲ್ಲ, ಬಡಾಯಿಯೆಂದು ಸಿದ್ಧವಾಗುತ್ತದೆ. ರಥದಿಂದ ಧುಮುಕಿ ಓಡಿದವನನ್ನು ಅರ್ಜುನನು ಹಿಡಿದು ತಂದನು; ಆದರೆ ತೊರೆಯಲಿಲ್ಲ, ಕುದುರೆಗಳ ವಾಘೆಯನ್ನು ಕೊಟ್ಟನು. ಅದೇ ಉತ್ತರನು ಭೀಷ್ಮದ್ರೋಣರ ಮುಂದೆ ರಥವನ್ನು ನಡೆಸಿದನು. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯು ಕಥೆಯ ಪೂರ್ವಾರ್ಧವನ್ನು ಮಾತ್ರ ಉಳಿಸಿಕೊಂಡಿದೆ.

ಕಾಳೀನದಿಯ ಕಣಿವೆಯ ಅಂಬಿಕಾನಗರಕ್ಕೆ ನೆರೆಯಾದ ಯಲ್ಲಾಪುರ, ಶಿರಸಿ ಸೀಮೆಗಳು ಯಕ್ಷಗಾನದ ನೆಲೆಗಳು. ಅಲ್ಲಿಯ ಆಟ, ತಾಳಮದ್ದಳೆಗಳಲ್ಲಿ ಈ ಪ್ರಸಂಗವು ನಡೆದಾಗ ಉತ್ತರನ ಮಾತಿಗೆ ಜನರು ನಗುವುದು ಸಹಜ, ನಗಬೇಕಾದುದೂ ಹೌದು. ಆದರೆ ಪಾಠ ಹೇಳುವವರು ಅಲ್ಲಿಗೇ ನಿಲ್ಲಬಾರದು. ವ್ಯಾಸಭಾರತದ ಭೀಷ್ಮಪರ್ವವನ್ನು ತೆರೆದು ತೋರಿಸಬೇಕು. ಕುರುಕ್ಷೇತ್ರದ ಮೊದಲನೆಯ ದಿನವೇ ಆನೆಯನ್ನೇರಿ ಶಲ್ಯನ ಮೇಲೆ ನುಗ್ಗಿ, ಅವನ ಶಕ್ತ್ಯಾಯುಧಕ್ಕೆ ಬಲಿಯಾದವನು ಈ ಉತ್ತರನೇ. ಅಂದು ಅವನು ಓಡಲಿಲ್ಲ. ಇದನ್ನು ತಿಳಿದ ವಿದ್ಯಾರ್ಥಿಯು ವಿರಾಟಪರ್ವಕ್ಕೆ ಮರಳಿ ಬಂದಾಗಲೂ ನಗುವನು. ಆದರೆ ಆ ನಗೆಯಲ್ಲಿ ತಿರಸ್ಕಾರವಿರದು.